ಪಟ್ಟಣಸ್ವಾಮಿಯ ಹಡಗು

ಸುಮಾರು ಒಂಬೈನೂರು ವರ್ಷಗಳ ಹಿಂದೆ ಏಡನ್ ಬಂದರಿನ ವರ್ತಕನೊಬ್ಬ ನಮ್ಮ ಪಡುವಣ ಕರಾವಳಿಗೆ ಬರೆದ ಕಾಗದದಲ್ಲಿ 'ಫತನ್‌ಸ್ವಾಮಿ'ಯ ಹಡಗಿನ ಮಾತು ಬರುತ್ತದೆ. ಅರಬ್ಬಿಯಲ್ಲಿ ಪಕಾರವಿಲ್ಲ. ಅಷ್ಟು ನೆನಪಿಟ್ಟುಕೊಂಡು ಓದಿದರೆ ಪಟ್ಟಣಸ್ವಾಮಿ ಎದುರಿಗೆ ಬಂದು ನಿಲ್ಲುತ್ತಾನೆ! ಹುಂಚದ ಶಾಸನಗಳ ಪಟ್ಟಣಸ್ವಾಮಿ ನೊಕ್ಕಯ್ಯಸೆಟ್ಟಿಯನ್ನು ಬಲ್ಲವರಿಗೆ ಇದು ಹಳೆಯ ಪರಿಚಯದ ಬಿರುದು, ಪಟ್ಟಣದ ವರ್ತಕರ ಮುಖಂಡನದು. ಅದು ತೆಂಕಣದ ಪೇಟೆಗಳಲ್ಲೆಲ್ಲ ಚಾಲ್ತಿಯಲ್ಲಿದ್ದುದರಿಂದ ನಮ್ಮದೇ ಎಂದು ಹಕ್ಕು ಹೂಡಬೇಕಾಗಿಲ್ಲ. ಆದರೂ ಆ ಸಾಲು ಓದಿದ ದಿನ ನನಗೆ ಬೇರೆ ಕೆಲಸ ಸಾಗಲಿಲ್ಲ.

ಈ ಸಂಚಿಕೆಯನ್ನು ಹಳೆಯ ಹಡಗುಗಳ ಹೋಗುಬರವಿಗೆ ಮೀಸಲಿಡಲು ಆ ಕಾಗದವೇ ಕಾರಣ.

ಅದು ಉಳಿದದ್ದು ಕೈರೋದಲ್ಲಿ. ದೇವರ ಹೆಸರಿರಬಹುದಾದ ಬರಹವನ್ನು ಬಿಸಾಡಬಾರದೆಂದು ಅಲ್ಲಿನ ಬೆನ್ ಎಜ್ರಾ ಯಹೂದಿ ಮಂದಿರದ ಕೋಣೆಯೊಂದರಲ್ಲಿ ಶತಮಾನಗಳ ಕಾಲ ಕಾಗದ ತುಂಬುತ್ತ ಬಂದರು. ಇದೇ ಗೆನಿಜಾ. 1896-97ರಲ್ಲಿ ಸಾಲೊಮನ್ ಶೆಕ್ಟರ್ ಅದರ ಬಹುಪಾಲನ್ನು ಕೇಂಬ್ರಿಡ್ಜಿಗೆ ಸಾಗಿಸಿದರು. ಆ ರಾಶಿಯಲ್ಲಿ ಹಿಂದೂಸ್ಥಾನದ ವ್ಯಾಪಾರಕ್ಕೆ ಸೇರಿದ ಚೂರುಗಳನ್ನು ಎಸ್. ಡಿ. ಗೊಯ್ಟೈನ್ ದಶಕಗಳ ಕಾಲ ಹೆಕ್ಕಿದರು. ಅವರು ತೀರಿಕೊಂಡದ್ದು 1985ರಲ್ಲಿ. ಶಿಷ್ಯ ಮೊರ್ದೆಕೈ ಫ್ರೀಡ್‌ಮನ್ ಪೂರ್ತಿಗೊಳಿಸಿದ ಗ್ರಂಥ ಹೊರಬಂದದ್ದು 2008ರಲ್ಲಿ.

ಅದರ ನಡುಮನೆಯಲ್ಲಿ ಇರುವವನು ಅಬ್ರಹಾಂ ಬೆನ್ ಯಿಜು. ಟ್ಯುನೀಸಿಯಾ ಕಡೆಯವನು, 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದ, 1149ರಲ್ಲಿ ಏಡನ್ನಿಗೆ ಮರಳಿದ. ಇಲ್ಲಿಂದ ಮೆಣಸು, ಅಡಿಕೆ, ಏಲಕ್ಕಿ, ಕಬ್ಬಿಣ ಹೋಗುತ್ತಿತ್ತು. ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ, ಕಾಗದ ಬರುತ್ತಿತ್ತು. ಕಾಗದ ಅಪರೂಪವಾದ್ದರಿಂದ ಬಂದ ಪತ್ರಗಳ ಬೆನ್ನಿಗೇ ಅವನು ತನ್ನ ಲೆಕ್ಕ ಬರೆದುಕೊಂಡ. ಅವನ ಚಾಕರ ಬೊಮ್ಮನ ಹೆಸರನ್ನು ಕಾದಂಬರಿಕಾರ ಅಮಿತಾವ್ ಘೋಷ್ ಬಿಡಿಸಲು ನೆರವಾದವರು ನಮ್ಮ ಬಿ. ಎ. ವಿವೇಕ ರೈ.

ಈ ಕಾಗದಗಳನ್ನು ಯಾರೂ ಹಡಗಿನ ದಾಖಲೆಯೆಂದು ಬರೆದವರಲ್ಲ. ಒಂದೇ ಹಡಗು ಮುಳುಗಿ ಎಲ್ಲ ಹೋಗದಿರಲೆಂದು ವರ್ತಕರು ಸರಕನ್ನು ಹಲವು ಹಡಗುಗಳಿಗೆ ಹಂಚುತ್ತಿದ್ದರು. ಯಾವ ಮೂಟೆ ಯಾವ ನಾಖುದನ, ಎಂದರೆ ಹಡಗಿನ ಯಜಮಾನನ, ಕೈಯಲ್ಲಿ ಹೋಯಿತೆಂಬ ಲೆಕ್ಕ ಅವರಿಗೆ ಬೇಕಿತ್ತು. ಹತ್ತಿಸಿದ್ದು ಒಂದು ಚೂರಿನಲ್ಲಿ, ಇಳಿಸಿಕೊಂಡದ್ದು ಮತ್ತೊಂದರಲ್ಲಿ. ಎರಡನ್ನೂ ಕೂಡಿಸಿದಾಗ ಒಂದು ಯಾನ ಎದ್ದು ಬರುತ್ತದೆ. ಮುಂದೆ ಇಂಗ್ಲಿಷ್ ಕಂಪನಿಯ ಹಡಗುಗಳು ದಿನಚರಿ ಇಟ್ಟವು, ಗಾಳಿಯ ದಿಕ್ಕನ್ನೂ ಬರೆದವು. ಅಲ್ಲಿಯೂ ಎಚ್ಚರ ಬೇಕು: ಹಡಗಿನ ದಿನ ಮಧ್ಯಾಹ್ನಕ್ಕೆ ಮೊದಲಾಗುತ್ತಿದ್ದ ಕಾಲವದು. ದಿನಚರಿಯಲ್ಲಿ 5ನೇ ತಾರೀಖಿನ ಸಂಜೆ ಎಂದಿದ್ದರೆ ನೆಲದ ಮೇಲೆ ಅದು 4ರ ಸಂಜೆ.

ಗೆನಿಜಾದ ಒಂದು ಬರಹವನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಕಡಲಲ್ಲಿ ಕಾಣೆಯಾದ ವರ್ತಕನ ಕುರಿತು ಈಜಿಪ್ಟಿಗೆ ತಿಳಿಸಲು ಏಡನ್ನಿನಲ್ಲಿ ಬರೆದದ್ದು. 'ಕೂಲಮಿ' ಎಂದರೆ ಕೊಲ್ಲಂ ಹಡಗು, 'ಬರಿಬತನಿ' ಇನ್ನೊಂದು. ಎರಡೂ ಜೊತೆಯಾಗಿ ಏಡನ್ ಬಿಟ್ಟಿದ್ದವು. ಕೆಲವೇ ದಿನಗಳಲ್ಲಿ ಒಂದು ರಾತ್ರಿ ಬರಿಬತನಿಯವರಿಗೆ ಕತ್ತಲಿನಿಂದ ಕೂಲಮಿಯವರ ಕೂಗಾಟ ಕೇಳಿಸಿತು, ನೀರು ನುಗ್ಗಿತ್ತು. ಬೆಳಗಾದಾಗ ಕೂಲಮಿಯ ಗುರುತೂ ಇರಲಿಲ್ಲ. ಆ ಹಡಗಿಗಿರುವ ಸ್ಮಾರಕ ಈ ಕಿವಿಸಾಕ್ಷಿಯಷ್ಟೇ.

ಈಜಿಪ್ಟಿನ ಒಣಹವೆ ಕಾಪಾಡಿದ್ದನ್ನು ನಮ್ಮ ಮಳೆ, ಗೆದ್ದಲು ಬಾಳಗೊಡುವುದಿಲ್ಲ. ಹಂಚು, ಉಪ್ಪು ಹೇರಿಕೊಂಡು ಕರಾವಳಿಯುದ್ದಕ್ಕೂ ಓಡಾಡಿದ ಮಂಜಿ, ಪಾತೆಮಾರಿಗಳ ಕಾಲ ಇನ್ನೂ ಅಜ್ಜಂದಿರ ನೆನಪಿನಲ್ಲಿದೆ. ಆದರೆ ತಂಡೇಲರಿಗೆ ಮುಂಗಡ ಕೊಟ್ಟ ಲೆಕ್ಕ, ಬಂದರಿನ ಮಂಡಿಯ ಖಾತೆ, ಬಾಡಿಗೆ ಚೀಟಿಗಳನ್ನು ಯಾರೂ ದಾಖಲೆಯೆಂದು ಎಣಿಸಿಲ್ಲ. ಮಂಗಳೂರು, ಗಂಗೊಳ್ಳಿ, ಹೊನ್ನಾವರ, ಕಾರವಾರದ ಕಡೆಯ ಓದುಗರು ಅಟ್ಟ ಗುಡಿಸುವ ಮುನ್ನ ಒಮ್ಮೆ ಪೆಟ್ಟಿಗೆ ಬಿಚ್ಚಿ ನೋಡಬೇಕು. ಒಂದು ಪುಟ ಸಿಕ್ಕರೂ ಚಿತ್ರ ತೆಗೆದು ಕಳಿಸಿ. ಕೈಬರಹ ಬಿಡಿಸಲು ಆಗದಿದ್ದರೂ ಚಿಂತೆಯಿಲ್ಲ, ನಾವು ಕೂತು ಓದುತ್ತೇವೆ.