ಗಣಿ, ಕ್ರಷರ್, ಕಾರ್ಖಾನೆ: ಮೂರಕ್ಕೂ ಒಂದೇ ನಕ್ಷೆ ಬೇಕು

ಗೋಕಾಕ: ಗಣಿಗಾರಿಕೆಯ ಯಾವ ವಿವಾದವೂ ಕೊನೆಗೆ ಬಂದು ನಿಲ್ಲುವುದು ಎರಡು ಪ್ರಶ್ನೆಗಳಲ್ಲಿ. ಅಗೆದ ಜಾಗ ಯಾವುದು? ಅಗೆದದ್ದು ಎಲ್ಲಿಗೆ ಹೋಯಿತು? ಎರಡಕ್ಕೂ ಉತ್ತರ ನಕ್ಷೆಯಲ್ಲಿದೆ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 2021ರಲ್ಲಿ ಇಡೀ ಆಫ್ರಿಕಾ ಖಂಡದ ಗಣಿಗಳು, ಖನಿಜ ಸಂಸ್ಕರಣಾ ಘಟಕಗಳು ಹಾಗೂ ಅವುಗಳಿಗೆ ಸಂಬಂಧಿಸಿದ ಮೂಲಸೌಕರ್ಯಗಳ ಭೌಗೋಳಿಕ ಮಾಹಿತಿಯನ್ನು ಒಂದೆಡೆ ಸೇರಿಸಿ ಪ್ರಕಟಿಸಿತು. ಒಂದು ಖಂಡಕ್ಕೆ ಸಾಧ್ಯವಾದದ್ದು ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಿಗೆ ಅಸಾಧ್ಯವೇನಲ್ಲ.

ಈ ನೆಲದ ಶಿಲೆಗಳನ್ನು ಗುರುತಿಸುವ ಕೆಲಸ ಹೊಸದಲ್ಲ. ರಾಬರ್ಟ್ ಬ್ರೂಸ್ ಫೂಟ್ 1876ರಲ್ಲೇ ದಕ್ಷಿಣ ಮರಾಠಾ ಸೀಮೆಯ ಭೂರಚನೆಯನ್ನು ವಿವರಿಸಿದ್ದರು. ಹುಕ್ಕೇರಿಯ ಕಡೆಗೆ ದಖನ್ನಿನ ಕಪ್ಪು ಶಿಲೆ, ಗೋಕಾಕದಲ್ಲಿ ಜಲಪಾತ ಧುಮ್ಮಿಕ್ಕುವ ಮರಳುಗಲ್ಲು, ಮೂಡಲಗಿ ತಾಲ್ಲೂಕಿನ ಯಾದವಾಡದಲ್ಲಿ ಸುಣ್ಣದ ಕಲ್ಲು. ಯಾದವಾಡದಲ್ಲಿ ಸಿಮೆಂಟ್ ಕಾರ್ಖಾನೆ ಇದೆ. ಅದೇ ಸುಣ್ಣಕಲ್ಲಿನ ಪಟ್ಟಿ ಜಿಲ್ಲೆಯ ಗಡಿ ದಾಟಿ ಬಾಗಲಕೋಟೆಯ ಲೋಕಾಪುರ, ಮುದ್ದಾಪುರಗಳತ್ತ ಸಾಗುತ್ತದೆ. ಮುದ್ದಾಪುರದಲ್ಲಿ ಇನ್ನೊಂದು ಸಿಮೆಂಟ್ ಕಾರ್ಖಾನೆ. ಕಲ್ಲಿಗೆ ಆಡಳಿತದ ಗಡಿ ಇಲ್ಲ, ಕಡತಕ್ಕೆ ಇದೆ. ಮೂಡಲಗಿ ಪ್ರತ್ಯೇಕ ತಾಲ್ಲೂಕಾಗಿ 2018ರಲ್ಲಿ ಕಾರ್ಯಾರಂಭ ಮಾಡಿತು. ಅದಕ್ಕೂ ಹಿಂದಿನ ಕಡತಗಳೆಲ್ಲ ಗೋಕಾಕದ ಹೆಸರಿನಲ್ಲಿವೆ.

ಕಾನೂನೂ ಒಂದಲ್ಲ. 1957ರ ಗಣಿ ಕಾಯ್ದೆಯಡಿ ಸುಣ್ಣದ ಕಲ್ಲು ಪ್ರಧಾನ ಖನಿಜ. ಇಂಥ ಗುತ್ತಿಗೆಗಳ ಸುತ್ತಲಿನ 500 ಮೀಟರ್ ಪ್ರದೇಶವನ್ನು ಉಪಗ್ರಹ ಚಿತ್ರಗಳ ಮೂಲಕ ಗಮನಿಸುವ ವ್ಯವಸ್ಥೆಯನ್ನು ಕೇಂದ್ರ ಸರ್ಕಾರ 2016ರ ಅಕ್ಟೋಬರ್‌ನಲ್ಲಿ ಆರಂಭಿಸಿತು. ಕಟ್ಟಡದ ಕಲ್ಲು, ಮರಳು ಉಪಖನಿಜಗಳು. ಅವು ರಾಜ್ಯದ ಅಧೀನ. ಜಲ್ಲಿ ಕ್ರಷರ್‌ಗಳಿಗೆ 2011ರ ಪ್ರತ್ಯೇಕ ಕಾಯ್ದೆ, ಮಾಲಿನ್ಯಕ್ಕೆ ಇನ್ನೊಂದು ಮಂಡಳಿ, ಸ್ಫೋಟಕಕ್ಕೆ ಮತ್ತೊಂದು ಇಲಾಖೆ. ಒಂದೇ ಗುಡ್ಡದ ವಿವರ ಹಲವು ಕಚೇರಿಗಳಲ್ಲಿ ಹಂಚಿಹೋಗಿದೆ.

ಹೀಗೆ ಹಂಚಿಹೋದ ದಾಖಲೆಗಳ ಬೆಲೆ ಏನೆಂಬುದನ್ನು ಬಳ್ಳಾರಿ ಕಲಿಸಿದೆ. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿಗಳ ಬಳಿಕ, 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಯನ್ನು ತಡೆದು ಜಂಟಿ ಸರ್ವೇಗೆ ಆದೇಶಿಸಿತು. ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ 166 ಗುತ್ತಿಗೆಗಳನ್ನು ಅಳೆದು ಎ, ಬಿ, ಸಿ ಎಂದು ವಿಂಗಡಿಸಲಾಯಿತು. ಸಿ ವರ್ಗದ ಗುತ್ತಿಗೆಗಳು 2013ರ ಏಪ್ರಿಲ್ 18ರ ತೀರ್ಪಿನಲ್ಲಿ ರದ್ದಾದವು. ನಿಯಮ ಪಾಲಿಸಿದವರು ಯಾರು, ಗಡಿ ಮೀರಿದವರು ಯಾರು ಎಂಬುದು ಅಳತೆಯಿಂದ ಮಾತ್ರ ಬೇರೆಯಾಯಿತು. ಪ್ರಾಮಾಣಿಕ ಗುತ್ತಿಗೆದಾರನಿಗೂ ನಕ್ಷೆಯೇ ರಕ್ಷಣೆ.

ಆದರೆ ಗಣಿಯನ್ನಷ್ಟೇ ಗುರುತಿಸಿದರೆ ಸಾಲದು. ಕ್ರಷರ್‌ನೊಳಗೆ ಹೋದ ಬಂಡೆ ಜಲ್ಲಿಯಾಗಿ, ಎಂ-ಸ್ಯಾಂಡ್ ಆಗಿ ಹೊರಬಂದ ಮೇಲೆ ಅದು ಯಾವ ಸರ್ವೇ ನಂಬರಿನದೆಂದು ಹೇಳುವುದು ಕಷ್ಟ. ಬೇಲೆಕೇರಿ ಬಂದರಿನಲ್ಲಿ 2010ರಲ್ಲಿ ವಶಪಡಿಸಿಕೊಂಡ ಅದಿರೇ ಕಣ್ಮರೆಯಾಗಿತ್ತು. ಯಾವ ಕ್ರಷರ್‌ಗೆ ಯಾವ ಕ್ವಾರಿಯಿಂದ ಎಷ್ಟು ಕಲ್ಲು ಬರುತ್ತದೆ ಎಂಬ ಲೆಕ್ಕ ತಾಳೆಯಾಗದಿದ್ದರೆ ರಾಜಧನ ಸೋರುವ ದಾರಿ ತೆರೆದೇ ಇರುತ್ತದೆ.

ಪ್ರಶ್ನೆ ಹಣದ್ದು ಮಾತ್ರವಲ್ಲ. 2021ರ ಜನವರಿ 21ರ ರಾತ್ರಿ ಶಿವಮೊಗ್ಗ ಸಮೀಪದ ಹುಣಸೋಡಿನಲ್ಲಿ, ಮರು ತಿಂಗಳು ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಸ್ಫೋಟಕಗಳು ಸಿಡಿದು ಜೀವಹಾನಿಯಾಯಿತು. ಕೃಷ್ಣರಾಜಸಾಗರ ಅಣೆಕಟ್ಟೆಯ 20 ಕಿ.ಮೀ. ವ್ಯಾಪ್ತಿಯ ಗಣಿಗಾರಿಕೆಗೆ 2024ರ ಜನವರಿಯಲ್ಲಿ ಹೈಕೋರ್ಟ್ ತಡೆ ನೀಡಿತು. ಹುಕ್ಕೇರಿ ತಾಲ್ಲೂಕಿನಲ್ಲಿ ಹಿಡಕಲ್ ಜಲಾಶಯವಿದೆ, ಕೆಳಗೆ ಧೂಪದಾಳದಲ್ಲಿ ಘಟಪ್ರಭಾ ಪಕ್ಷಿಧಾಮವಿದೆ. ಇವುಗಳಿಂದ ಯಾವ ಕ್ವಾರಿ ಎಷ್ಟು ದೂರ ಎಂಬುದನ್ನು ದೂರು ಬಂದ ಮೇಲಲ್ಲ, ಪರವಾನಗಿ ಕೊಡುವ ಮುನ್ನವೇ ಅಳೆದಿಟ್ಟಿರಬೇಕು.

ನಕ್ಷೆಯಲ್ಲಿ ಇರಬೇಕಾದದ್ದು ಇಷ್ಟೇ: ಸರ್ವೇ ನಂಬರ್, ಗುತ್ತಿಗೆಯ ಗಡಿ, ಅವಧಿ ಮುಗಿಯುವ ದಿನ, ಅನುಮತಿ ಪಡೆದ ಪ್ರಮಾಣ, ಕಲ್ಲು ಸೇರುವ ಕ್ರಷರ್ ಅಥವಾ ಕಾರ್ಖಾನೆ. ಉಪಗ್ರಹ ಚಿತ್ರ ಅಗೆತದ ವಿಸ್ತಾರ ತೋರಿಸೀತು. ಆಳ ತಿಳಿಯಲು ನೆಲದ ಮೇಲಿನ ಅಳತೆ ಬೇಕು. ಅದನ್ನು ಗ್ರಾಮ ಪಂಚಾಯಿತಿಯ ಗೋಡೆಗೆ ಹಚ್ಚಬೇಕು. ನಕ್ಷೆ ತಾನಾಗಿ ಅಕ್ರಮವನ್ನು ತಡೆಯಲಾರದು, ನಿಜ. ಆದರೆ ಪಕ್ಕದ ಹೊಲದ ರೈತ ದೂರು ಕೊಟ್ಟಾಗ, ಆ ಜಾಗ ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದು ಅವನನ್ನು ಕಚೇರಿಯಿಂದ ಕಚೇರಿಗೆ ಅಲೆಸುವ ಅವಕಾಶ ಆಗ ಯಾರಿಗೂ ಇರದು.