ಬಿಸ್ಕತ್ತಿನ ದಯೆ

ಕಳೆದ ವಾರ್ಷಿಕ ಮಹಾಸಭೆಯಲ್ಲಿ ನಾನೊಂದು ಗೊತ್ತುವಳಿ ಮಂಡಿಸಿದ್ದೆ. ವರ್ಷಕ್ಕೆರಡು ಭಾನುವಾರ ಸಂಘದ ಅಂಗಳವನ್ನು ಬೀದಿನಾಯಿಗಳ ಲಸಿಕಾ ಶಿಬಿರಕ್ಕೆ ಬಿಟ್ಟುಕೊಡಬೇಕು, ಸದಸ್ಯರಲ್ಲಿ ಹತ್ತು ಮಂದಿಯಾದರೂ ಸ್ವಯಂಸೇವಕರಾಗಿ ನಿಲ್ಲಬೇಕು ಎಂದು. ಹಿರಿಯರೊಬ್ಬರು ನಸುನಕ್ಕು, “ನಾಯಿಗೂ ಕನ್ನಡಕ್ಕೂ ಏನು ಸಂಬಂಧ, ರಾಯರೇ?” ಎಂದರು. ಸಭೆ ಚಪ್ಪಾಳೆ ತಟ್ಟಿತು, ಗೊತ್ತುವಳಿ ಬಿದ್ದುಹೋಯಿತು. ಬಸವ ಜಯಂತಿಯಂದು ದಯೆಯ ವಚನವನ್ನು ಧ್ವನಿವರ್ಧಕದಲ್ಲಿ ಹಾಡಿಸುವ ಸಂಘ ನಮ್ಮದು!

ಮುಂಬಯಿಯ ಪ್ರಾಣಿದಯಾ ಸಂಸ್ಥೆಯೊಂದರಲ್ಲಿ ಕೆಲವು ವರ್ಷಗಳಿಂದ ನನ್ನ ಭಾನುವಾರಗಳನ್ನು ಕಳೆಯುತ್ತಿದ್ದೇನೆ. ಮೊದಲ ದಿನ ಬಿಸ್ಕತ್ತಿನ ಪೊಟ್ಟಣ ಹಿಡಿದು ಹೋದವನ ಕೈಗೆ ಅವರು ಕೊಟ್ಟದ್ದು ಒಂದು ರಿಜಿಸ್ಟರು. ಯಾವ ಗಲ್ಲಿಯ ನಾಯಿಗೆ ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಯಾಗಿದೆ, ಯಾವುದರ ಕಿವಿ ಕತ್ತರಿಸಿ ಗುರುತು ಮಾಡಿದೆ, ಯಾವುದಕ್ಕೆ ರೇಬೀಸ್ ಲಸಿಕೆ ಹಾಕಿ ವರ್ಷ ತುಂಬಿತು, ಎಲ್ಲವೂ ಅದರಲ್ಲಿ ದಾಖಲಾಗಬೇಕು. (ಕೇಂದ್ರ ಸರ್ಕಾರದ ಕಡತಗಳನ್ನು ಮೂವತ್ತು ವರ್ಷ ಕಾದ ನನ್ನ ವಿದ್ಯೆ ಜೀವಿಯೊಂದಕ್ಕೆ ನೇರವಾಗಿ ಒದಗಿದ್ದು ಅಲ್ಲಿಯೇ.) ಒಂದು ಪ್ರದೇಶದ ನಾಯಿಗಳಲ್ಲಿ ಶೇ. 70ರಷ್ಟಕ್ಕಾದರೂ ಲಸಿಕೆಯಾಗದೆ ರೋಗದ ಸರಪಳಿ ತುಂಡಾಗುವುದಿಲ್ಲ. ಉಳಿದ ನಾಯಿ ಯಾವುದೆಂದು ತಿಳಿಯಲು ಕರುಣೆ ಸಾಲದು, ಲೆಕ್ಕ ಬೇಕು.

ನನ್ನ ಮೊದಲ ಜಗಳ ಪ್ರಾಣಿಪ್ರಿಯರೊಡನೆ. ಅನ್ನವಿಡುವವರ ದನಿಗೆ ನಾಯಿ ಬಾಲವಾಡಿಸುತ್ತ ಬರುತ್ತದೆ. ಬಲೆ ಹಿಡಿದ ಅಪರಿಚಿತನನ್ನು ಕಂಡರೆ ಓಡುತ್ತದೆ, ಮೂಲೆಗೆ ಸಿಕ್ಕರೆ ಕಚ್ಚುತ್ತದೆ. ಆದುದರಿಂದ ವಾಹನ ಬರುವ ಬೆಳಿಗ್ಗೆ ಅಲ್ಲಿರಬೇಕಾದವರು ಅನ್ನವಿಟ್ಟವರೇ. ಆ ಬೆಳಿಗ್ಗೆಯೇ ಅವರ ಬಾಗಿಲಿಗೆ ಬೀಗ! ‘ಪಾಪ, ಅದಕ್ಕೆ ನೋವಾಗುವುದನ್ನು ನೋಡಲಾರೆವು’ ಎಂಬ ಸಮಜಾಯಿಷಿ ಬೇರೆ. ಈ ದಯೆ ಯಾರ ಹಿತಕ್ಕಾಗಿ?

ಇನ್ನು ‘ಎಲ್ಲವನ್ನೂ ಹಿಡಿದು ಮುಗಿಸಿಬಿಡಿ’ ಎನ್ನುವವರು. 1832ರಲ್ಲಿ ಇದೇ ಊರಿನಲ್ಲಿ ಆಂಗ್ಲ ಆಡಳಿತ ಬೀದಿನಾಯಿಗಳನ್ನು ಕೊಲ್ಲಹೊರಟಾಗ ಪಾರ್ಸಿಗಳು ಬೀದಿಗಿಳಿದು ದೊಂಬಿಯೇ ಆಯಿತು. ಕೊಲ್ಲುವ ನೀತಿ 20ನೆಯ ಶತಮಾನದ ಕೊನೆಯ ದಶಕದವರೆಗೂ ನಡೆಯಿತು. ನಾಯಿಯೂ ಮುಗಿಯಲಿಲ್ಲ, ರೇಬೀಸೂ ಮುಗಿಯಲಿಲ್ಲ. ಕಸದ ರಾಶಿ ಇರುವವರೆಗೆ ಖಾಲಿಯಾದ ಗಲ್ಲಿಗೆ ಹೊಸ ನಾಯಿ ಬಂದೇ ಬರುತ್ತದೆ. ಚಿಕಿತ್ಸೆಯಾದ ನಾಯಿಯನ್ನು ಹಿಡಿದಲ್ಲಿಯೇ ಬಿಡಬೇಕೆಂಬ 2023ರ ನಿಯಮಗಳ ಹಿಂದಿನ ತರ್ಕ ಇದು. 2025ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಶಾಲೆ, ಆಸ್ಪತ್ರೆ, ರೈಲ್ವೆ ನಿಲ್ದಾಣಗಳಲ್ಲಿ ಹಿಡಿದವುಗಳನ್ನು ಮರಳಿ ಅಲ್ಲಿಗೆ ಬಿಡದೆ ಆಶ್ರಯತಾಣಗಳಲ್ಲಿಡಲು ಆದೇಶಿಸಿತು. ಅಲ್ಲಿ ದಿನವೂ ನೀರಿಡುವವರು, ಮಲ ಬಳಿಯುವವರು ಯಾರು? ಆದೇಶವನ್ನು ಕೊಂಡಾಡಿದವರಲ್ಲಿ ಒಬ್ಬರೂ ನಮ್ಮ ಭಾನುವಾರಗಳಲ್ಲಿ ಕಾಣಿಸಿಕೊಂಡಿಲ್ಲ.

ಕನ್ನಡದ ಸಂಬಂಧಕ್ಕೆ ಬರುತ್ತೇನೆ. ಕಳೆದ ಮಳೆಗಾಲದಲ್ಲಿ ಕಟ್ಟಡ ಕಾರ್ಮಿಕರ ತಗಡಿನ ಶೆಡ್ಡುಗಳ ಬಳಿ ನಮ್ಮ ವಾಹನ ನಿಂತಾಗ ಯಾದಗಿರಿ ಕಡೆಯ ಹೆಣ್ಣುಮಗಳೊಬ್ಬಳು ಆರು ವರ್ಷದ ಮಗನನ್ನು ಮುಂದೆ ನಿಲ್ಲಿಸಿದಳು. ಮೊಣಕಾಲ ಕೆಳಗೆ ಹಿಂದಿನ ಸಂಜೆ ನಾಯಿ ಕಚ್ಚಿದ ಗಾಯ. ಅದರ ಮೇಲೆ ಖಾರದ ಪುಡಿ. ಮರಾಠಿಯೂ ಹಿಂದಿಯೂ ಬಾರದ ಆಕೆಯ ಮಾತು ತಿಳಿದವನು ನಾನೊಬ್ಬನೇ. “ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳಿಯವ್ವ, ಆಮೇಲೆ ದವಾಖಾನೆಗೆ ನಡಿ, ಸೂಜಿ ಒಂದಕ್ಕೇ ಮುಗಿಯೂದಿಲ್ಲ, ಹೇಳಿದಷ್ಟು ಸಲ ಹೋಗಬೇಕು” ಎಂದೆ. “ಯಪ್ಪಾ, ನಿನ್ನಿಯಿಂದ ಕೇಳಾಕತ್ತೀನಿ, ಯಾರ ಮಾತೂ ತಿಳಿವಲ್ದು” ಎಂದಳು. ರೇಬೀಸಿನ ಲಕ್ಷಣ ಒಮ್ಮೆ ತೋರಿದರೆ ಬದುಕುವವರು ಇಲ್ಲವೆನ್ನುವಷ್ಟು ವಿರಳ. ಆ ಶೆಡ್ಡಿನಿಂದ ನಮ್ಮ ಸಭಾಗೃಹಕ್ಕೆ ಹತ್ತು ನಿಮಿಷದ ನಡಿಗೆ.

ಹುಡುಗನ ಕೊನೆಯ ಸೂಜಿಯ ದಿನಾಂಕವೂ ನನ್ನ ರಿಜಿಸ್ಟರಿನಲ್ಲಿದೆ. ಅದೇ ಗೊತ್ತುವಳಿಯನ್ನು ಮುಂದಿನ ಸಭೆಗೆ ಮತ್ತೆ ಬರೆದಿಟ್ಟಿದ್ದೇನೆ. ಅನುಮೋದಕರೊಬ್ಬರ ಸಹಿ ಬೇಕಾಗಿದೆ.