ಸ್ವಭಾವದ ದೋಷವೋ, ದರದ ದೋಷವೋ?

ಮೊನ್ನೆ ಹುನಗುಂದ ಸೀಮೆಯ ಮರೋಳದಲ್ಲಿ ನಾಲ್ಕು ಮಂದಿ ರೈತರು, ಕೂಲಿಕಾರರ ಜೊತೆ ಮಾತಾಡುತ್ತ ಕುಳಿತಿದ್ದೆವು. ಪಟ್ಟಣದಿಂದ ಬಂದಿದ್ದ ಸುಶಿಕ್ಷಿತ ಮಹಾಶಯರೊಬ್ಬರು ನಡುವೆ ಬಾಯಿ ಹಾಕಿದರು: “ಜಪಾನಿನವರು ಹುಟ್ಟಿನಿಂದಲೇ ಯಂತ್ರಪ್ರಿಯರು. ಮೊಬೈಲಿನೊಳಗೆ ಇಂಟರ್‌ನೆಟ್ ಬಂದದ್ದೇ ತಡ, ಅಪ್ಪಿಕೊಂಡರು. ಅಮೇರಿಕದವರು ಮನೆಯ ಕಂಪ್ಯೂಟರಿಗೇ ಅಂಟಿಕೊಂಡು ಹಿಂದುಳಿದರು. ನಮ್ಮ ಹಳ್ಳಿಯವರ ಮಾತಂತೂ ಬಿಡಿರಿ. ಎಲ್ಲ ಅವರವರ ಸ್ವಭಾವ.” ಕುಳಿತಿದ್ದವರು ಸುಮ್ಮನಾದರು. ನಾವು ಸುಮ್ಮನಾಗಲಿಲ್ಲ. ಅಲ್ಲಿ ಕೊಟ್ಟ ಉತ್ತರವನ್ನು ಇಲ್ಲಿಯೂ ಬರೆಯುತ್ತೇವೆ. ಏಕೆಂದರೆ ಬಡವನ ಕೊರತೆಗೆಲ್ಲ ಬಡವನ ಸ್ವಭಾವವೇ ಕಾರಣವೆಂದು ಹೇಳುವುದು ಉಳ್ಳವರ ಹಳೆಯ ಚಾಳಿ. ಅದು ಆ ಮಹಾಶಯರೊಬ್ಬರ ಮಾತಲ್ಲ.

ಮೊದಲು ಜಪಾನಿನ ಲೆಕ್ಕ ನೋಡೋಣ. 1999ರ ಫೆಬ್ರುವರಿ 22ರಂದು ಎನ್.ಟಿ.ಟಿ. ಡೊಕೊಮೊ ಕಂಪನಿಯು ‘ಐ-ಮೋಡ್’ ಎಂಬ ಹೆಸರಿನಲ್ಲಿ ಮೊಬೈಲ್ ಇಂಟರ್‌ನೆಟ್ ಆರಂಭಿಸಿತು. ಸುಮಾರು ಎರಡೇ ವರ್ಷದಲ್ಲಿ 2 ಕೋಟಿ ಜನ ಅದರ ಗಿರಾಕಿಗಳಾದರು. ಇದು ಜಪಾನೀಯರ ರಕ್ತದ ಗುಣವೇ? ಆ ಕಾಲದಲ್ಲಿ ಅಲ್ಲಿ ಮನೆಗೆ ತಂತಿ ಫೋನು ಹಾಕಿಸಬೇಕಾದರೆ ಮೊದಲಿಗೇ 72,000 ಯೆನ್ ಕಟ್ಟಬೇಕಿತ್ತು. ಆಮೇಲೆ ಊರೊಳಗಿನ ಕರೆಗೂ ಮೂರು ನಿಮಿಷಕ್ಕೆ 10 ಯೆನ್. ಆ ತಂತಿಯ ಮೇಲೆ ಇಂಟರ್‌ನೆಟ್ ನೋಡುತ್ತ ಕುಳಿತರೆ ಟ್ಯಾಕ್ಸಿಯ ಮೀಟರಿನಂತೆ ಬಿಲ್ಲು ಓಡುತ್ತಿತ್ತು. ಐ-ಮೋಡಿಗಾದರೋ ತಿಂಗಳಿಗೆ 300 ಯೆನ್, ಜೊತೆಗೆ ಕಳಿಸಿದ ಮತ್ತು ತರಿಸಿಕೊಂಡ ಅಕ್ಷರಗಳ ಪ್ರಮಾಣಕ್ಕೆ ತಕ್ಕ ದರ. ಎಷ್ಟು ಹೊತ್ತು ನೋಡಿದಿರಿ ಎಂದು ಯಾರೂ ಕೇಳುತ್ತಿರಲಿಲ್ಲ. ದಿನವೂ ರೈಲಿನಲ್ಲಿ ಕೆಲಸಕ್ಕೆ ಹೋಗಿಬರುವ ಕಾರಕೂನನು ಇದನ್ನು ಹಿಡಿದದ್ದರಲ್ಲಿ ಆಶ್ಚರ್ಯವೇನು?

ಸಣ್ಣ ವ್ಯಾಪಾರಿಗಳು ಇನ್ನೊಂದನ್ನು ಗಮನಿಸಬೇಕು. ಐ-ಮೋಡಿನಲ್ಲಿ ಹಣ ಕೊಟ್ಟು ನೋಡುವ ತಾಣಗಳ ಶುಲ್ಕವನ್ನು ಕಂಪನಿಯೇ ಫೋನ್ ಬಿಲ್ಲಿನಲ್ಲಿ ವಸೂಲು ಮಾಡಿ, ತನ್ನ ದಲಾಲಿಯೆಂದು ನೂರಕ್ಕೆ 9 ಮುರಿದುಕೊಂಡು, ಉಳಿದ 91ನ್ನು ತಾಣ ನಡೆಸುವವನಿಗೆ ಕೊಡುತ್ತಿತ್ತು. ಕಂಪನಿಯೇನು ಧರ್ಮಛತ್ರವಲ್ಲ, ಲಾಭಕ್ಕೇ ಕುಳಿತದ್ದು. ಆದರೂ ಎದುರಿನವನಿಗೆ ಗಿಟ್ಟುವಂಥ ಕರಾರು ಇದ್ದದ್ದರಿಂದ ಸಾವಿರಾರು ಜನ ತಾಣ ತೆರೆದರು. ನೋಡಲು ಸರಕು ಇದ್ದದ್ದರಿಂದ ಗಿರಾಕಿಗಳೂ ಬಂದರು.

ಇನ್ನು ಅಮೇರಿಕ. ಅಲ್ಲಿ ಊರೊಳಗಿನ ಕರೆಗೆ ಸಾಮಾನ್ಯವಾಗಿ ತಿಂಗಳಿಗೆ ಒಂದೇ ದರ, ಎಷ್ಟು ಹೊತ್ತಾದರೂ ಮಾತಾಡಬಹುದು. 1996ರ ಡಿಸೆಂಬರಿನಲ್ಲಿ ಅಮೇರಿಕ ಆನ್‌ಲೈನ್ ಕಂಪನಿಯು ತಿಂಗಳಿಗೆ 19.95 ಡಾಲರಿಗೆ ಮಿತಿಯಿಲ್ಲದ ಇಂಟರ್‌ನೆಟ್ ಕೊಡಲಾರಂಭಿಸಿತು. 2000ದ ಆಗಸ್ಟಿನ ಸರ್ಕಾರಿ ಗಣತಿಯಲ್ಲಿ ನೂರಕ್ಕೆ 51 ಮನೆಗಳಲ್ಲಿ ಕಂಪ್ಯೂಟರ್ ಇತ್ತು. ಇತ್ತ ಮೊಬೈಲಿನಲ್ಲಿ ಬಂದ ಕರೆಗೂ ಆಗ ಅವರೇ ದುಡ್ಡು ತೆರಬೇಕಿತ್ತು. 2002ರವರೆಗೆ ಒಂದು ಕಂಪನಿಯ ಫೋನಿನಿಂದ ಇನ್ನೊಂದು ಕಂಪನಿಯ ಫೋನಿಗೆ ಒಂದು ಸಾಲು ಸಂದೇಶ ಸಹ ಸರಾಗವಾಗಿ ಹೋಗುತ್ತಿರಲಿಲ್ಲ. ಮನೆಯ ಬಾವಿಯಲ್ಲಿ ನೀರಿರುವಾಗ ದುಡ್ಡು ಕೊಟ್ಟು ಕೊಡ ತುಂಬಿಸಿಕೊಳ್ಳುವವರು ಯಾರು?

ಇದೇ ಡೊಕೊಮೊ ಕಂಪನಿ 2001ರಲ್ಲಿ 980 ಕೋಟಿ ಡಾಲರ್ ಸುರಿದು ಅಮೇರಿಕದ ಎ.ಟಿ. ಆ್ಯಂಡ್ ಟಿ. ವೈರ್‌ಲೆಸ್ ಕಂಪನಿಯಲ್ಲಿ ಪಾಲು ಕೊಂಡಿತು. ಮರುವರ್ಷ ಅಲ್ಲಿಯೂ ಐ-ಮೋಡಿನ ಮಾದರಿಯ ಸೇವೆ ಆರಂಭವಾಯಿತು, ಆದರೆ ಜಪಾನಿನಂತೆ ಅದು ಬೇರೂರಲಿಲ್ಲ. “ನೋಡಿರಿ, ಸ್ವಭಾವ!” ಎಂದರು ಪಂಡಿತರು. 2007ರಲ್ಲಿ ಐಫೋನ್ ಬಂತು. ಮನೆಯ ಕಂಪ್ಯೂಟರಿನಲ್ಲಿ ಕಾಣುವಂಥ ಪುಟಗಳೇ ಅಂಗೈಯಲ್ಲಿ ಕಂಡವು, ಎಷ್ಟು ಬಳಸಿದರೂ ಒಂದೇ ದರವೆಂಬ ಕರಾರೂ ಜೊತೆಗೆ ಬಂತು. ಕೆಲವೇ ವರ್ಷಗಳಲ್ಲಿ ಅದೇ ಅಮೇರಿಕದ ಜನ ಫೋನಿನಿಂದ ಕಣ್ಣು ಕೀಳದಾದರು. ಐದು ವರ್ಷದಲ್ಲಿ ಒಂದು ದೇಶದ ಜನರ ಸ್ವಭಾವ ಬದಲಾಗುವುದುಂಟೆ? ಬದಲಾದದ್ದು ಉಪಕರಣ ಮತ್ತು ದರ. ಅಭಿರುಚಿಗೆ ಪಾಲೇ ಇಲ್ಲವೆಂದು ನಾವು ಹೇಳುವುದಿಲ್ಲ. ಕಿಸೆ ಒಪ್ಪಿದ ಮೇಲೆ ಅಭಿರುಚಿಯ ಮಾತು ಎನ್ನುತ್ತೇವೆ, ಅಷ್ಟೆ.

ನಮ್ಮ ಕಥೆಯೂ ಇದನ್ನೇ ಹೇಳುತ್ತದೆ. 1995ರಲ್ಲಿ ಭಾರತಕ್ಕೆ ಮೊಬೈಲ್ ಬಂದಾಗ ನಿಮಿಷಕ್ಕೆ 16 ರೂಪಾಯಿವರೆಗೂ ದರವಿತ್ತು, ಬಂದ ಕರೆಗೂ ದುಡ್ಡಿತ್ತು. ಆಗ ಫೋನು ಸಾವಕಾರರ ಸೊತ್ತು. 2003ರಲ್ಲಿ ಒಳಬರುವ ಕರೆ ಪುಕ್ಕಟೆಯಾಯಿತು, ಫೋನು ಹಮಾಲನ ಕಿಸೆಗೂ ಬಂತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಕಂಪನಿ ಇಂಟರ್‌ನೆಟ್ಟನ್ನು ಮೊದಲಿಗೆ ಪುಕ್ಕಟೆ, ಆಮೇಲೆ ಅಗ್ಗವಾಗಿ ಕೊಟ್ಟಿತು. ಉಳಿದ ಕಂಪನಿಗಳೂ ದರ ಇಳಿಸಬೇಕಾಯಿತು. ಇಳಕಲ್ಲಿನ ನೇಕಾರನು ಟೋಪ ತೆನಿ ಸೆರಗಿನ ಚಿತ್ರವನ್ನು ವಾಟ್ಸಾಪಿನಲ್ಲಿ ದೂರದ ಗಿರಾಕಿಗೆ ಕಳಿಸತೊಡಗಿದ, ಗುಳೇದಗುಡ್ಡದ ಖಣದ ವ್ಯಾಪಾರಿಯೂ ಅದೇ ಹಾದಿ ಹಿಡಿದ. ಅವರಿಗೆ ಯಾವ ಜಪಾನಿನ ಗುರುವೂ ಪಾಠ ಹೇಳಿರಲಿಲ್ಲ.

ಆದರೆ ಪುಕ್ಕಟೆಯ ಅನ್ನದಲ್ಲಿ ಗಾಳವೂ ಇತ್ತು. ಹಲವು ಕಂಪನಿಗಳು ಕದ ಮುಚ್ಚಿದವು ಇಲ್ಲವೆ ಒಂದರಲ್ಲೊಂದು ಸೇರಿಹೋದವು. ಉಳಿದ ಮೂರು ಖಾಸಗಿ ಕಂಪನಿಗಳು 2024ರ ಜುಲೈಯಲ್ಲಿ ಒಂದೇ ವಾರದೊಳಗೆ ದರ ಏರಿಸಿದವು. ಜಿಯೋದ 239 ರೂಪಾಯಿಯ ರಿಚಾರ್ಜು 299 ಆಯಿತು. ಅದೂ 28 ದಿನಕ್ಕೆ! ಗಿರಣಿ ಕಾರ್ಮಿಕನಿಗೆ ಪಗಾರ ವರ್ಷಕ್ಕೆ 12 ಸಲ, ಅವನು ಮಾಡಿಸಬೇಕಾದ ರಿಚಾರ್ಜು 13 ಸಲ. 299ರಂತೆ ಹದಿಮೂರು ಸಲಕ್ಕೆ 3,887 ರೂಪಾಯಿ. ಯಾವ ಪಂಚಾಂಗದಲ್ಲಿ ವರ್ಷಕ್ಕೆ ಹದಿಮೂರು ತಿಂಗಳಿವೆ ಎಂದು ನಾವು ಕೇಳುತ್ತೇವೆ. ನಿಯಂತ್ರಣ ಮಂಡಳಿಯಾದ ಟ್ರಾಯ್ 2022ರಲ್ಲಿ 30 ದಿನದ ರಿಚಾರ್ಜು ಒಂದಾದರೂ ಇರಬೇಕೆಂದು ಆಜ್ಞೆ ಮಾಡಿತು. ಕಂಪನಿಗಳು ಒಂದನ್ನು ಮೂಲೆಯಲ್ಲಿಟ್ಟು 28 ದಿನದ್ದನ್ನೇ ಮುಂದೆ ಹಿಡಿದು ಮಾರಿದವು.

ಸ್ವಭಾವವಾದಿಗಳಿಗೆ ಇನ್ನೊಂದು ಪ್ರಶ್ನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗಂಡಸರಲ್ಲಿ ನೂರಕ್ಕೆ 57 ಮಂದಿ ಎಂದಾದರೂ ಇಂಟರ್‌ನೆಟ್ ಬಳಸಿದ್ದರು, ಹೆಂಗಸರಲ್ಲಿ 33 ಮಂದಿ ಮಾತ್ರ. ಒಂದೇ ಮನೆ, ಒಂದೇ ಭಾಷೆ, ಒಂದೇ ದೇವರು. ಸಂಸ್ಕೃತಿ ಕಾರಣವಾದರೆ ಗಂಡನದೊಂದು ಸಂಸ್ಕೃತಿ, ಹೆಂಡತಿಯದೊಂದು ಸಂಸ್ಕೃತಿಯೇ? ಮನೆಯಲ್ಲಿ ಒಂದೇ ಫೋನು, ಅದು ಗಂಡನ ಕಿಸೆಯಲ್ಲಿ. ಕಂಡಿಕೆ ಸುತ್ತುವ ತಾಯಿಯ ಕೈಗೆ ಕೂಲಿಯೂ ಕಡಿಮೆ, ಫೋನೂ ಕಡಿಮೆ. ಈ ದೋಷ ಕಂಪನಿಗಳದಷ್ಟೇ ಅಲ್ಲ, ನಮ್ಮ ಮನೆಗಳದ್ದೂ ಹೌದು. ಇದನ್ನು ಓದುವ ಕಾರ್ಮಿಕ ಬಂಧುಗಳು ಒಪ್ಪಿಕೊಳ್ಳಬೇಕು.

ವ್ಯಾಪಾರಿ ಬಂಧುಗಳೂ 2025ರ ಜುಲೈ ತಿಂಗಳನ್ನು ಮರೆತಿರಲಾರರು. ಫೋನಿನಿಂದ ಹಣ ಪಡೆಯಿರಿ, ಅದೇ ದೇಶಸೇವೆ ಎಂದು ವರ್ಷಗಟ್ಟಲೆ ಹೇಳಿಸಿಕೊಂಡಿರಿ. ಯುಪಿಐ ಚೀಟಿಯನ್ನು ಗಲ್ಲಾಪೆಟ್ಟಿಗೆಯ ಮುಂದೆ ಅಂಟಿಸಿದಿರಿ. ಅದೇ ಲೆಕ್ಕವನ್ನು ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳಿಸಿತು. ತೆರಿಗೆಯೇ ಇಲ್ಲದ ಹಾಲು, ಕಾಯಿಪಲ್ಲೆ ಮಾರುವವರಿಗೂ ನೋಟೀಸು! ಬೆಂಗಳೂರಿನ ಅಂಗಡಿಗಳಲ್ಲಿ ‘ನಗದು ಮಾತ್ರ’ ಎಂಬ ಹಲಗೆ ಎದ್ದವು. ವ್ಯಾಪಾರಿಗಳು ಒಟ್ಟಾಗಿ ನಿಂತ ಮೇಲೆ ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದು ಹೇಳಬೇಕಾಯಿತು. ಅಂಜಿಕೆ ಬಂದಾಗ ಜನ ಬಿಟ್ಟರು, ಅಂಜಿಕೆ ತೀರಿದಾಗ ಮತ್ತೆ ಹಿಡಿದರು. ಇದರಲ್ಲಿ ಸ್ವಭಾವವೆಲ್ಲಿ ಬಂತು?

ಮರೋಳದವರಿಗೆ ಈ ಪಾಠ ಹೊಸದಲ್ಲ. ನಾರಾಯಣಪುರ ಜಲಾಶಯದ ನೀರನ್ನು ಸುಮಾರು 24,000 ಹೆಕ್ಟೇರಿಗೆ ಹನಿಯಾಗಿ ಹಾಯಿಸುವ ರಾಮಥಾಳ-ಮರೋಳ ಯೋಜನೆಯ ಹೆಸರು ದೊಡ್ಡದು. ನೀರು ಬಿಡುವ ವ್ಯವಸ್ಥೆಯನ್ನು ಕಂಪ್ಯೂಟರಿಗೆ ಒಪ್ಪಿಸಲಾಯಿತು. ಆದರೆ ಹೊಲದವನು ಕೇಳುವುದು ಒಂದೇ: ನೀರು ನನಗೆ ಬೇಕಾದ ಹೊತ್ತಿಗೆ ಬರುತ್ತದೆಯೋ ಇಲ್ಲವೋ? ಬಂದರೆ ಪೈಪನ್ನು ಮಗುವಿನಂತೆ ಕಾಯುತ್ತಾನೆ, ಬಾರದಿದ್ದರೆ ಸುತ್ತಿ ಬದುವಿಗೆ ಎಸೆಯುತ್ತಾನೆ. ಫೋನಿನ ಮಾತೂ ಇಷ್ಟೇ.

ಆದುದರಿಂದ ನಮ್ಮ ಬೇಡಿಕೆಗಳು ಸರಳವಾಗಿವೆ. ಫೋನಿನ ತಿಂಗಳು ಪಗಾರದ ತಿಂಗಳಿನಷ್ಟೇ ಇರಲಿ. ಖಾಸಗಿಯವರು 4ಜಿ ಮಾರಿ ಕೋಟಿಗಟ್ಟಲೆ ಗಿರಾಕಿಗಳನ್ನು ಹಿಡಿಯುವಾಗ ಬಿ.ಎಸ್.ಎನ್.ಎಲ್.ನ ಸ್ವದೇಶಿ 4ಜಿ ಜಾಲದ ಉದ್ಘಾಟನೆ 2025ರ ಸೆಪ್ಟೆಂಬರಿನವರೆಗೆ ತಡವಾಯಿತು. ಇನ್ನಾದರೂ ಆ ಸಾರ್ವಜನಿಕ ಸಂಸ್ಥೆಗೆ ಗೋಪುರ, ಹಣ, ಆಳು ಕೊಡಲಿ. 2011ರಲ್ಲಿ ಮಂಜೂರಾದ ಪಂಚಾಯತಿ ಕೇಬಲ್ಲು ಕಚೇರಿಯ ಗೋಡೆಗೆ ನಿಲ್ಲದೆ ಶಾಲೆಗೆ, ವಾಚನಾಲಯಕ್ಕೆ ಮುಟ್ಟಲಿ. ಸರ್ಕಾರದ ಪ್ರತಿಯೊಂದು ಆ್ಯಪು ಓದಬಲ್ಲ ಕನ್ನಡದಲ್ಲಿರಲಿ. ನೆಟ್‌ವರ್ಕ್ ಇಲ್ಲವೆಂದು ಯಾರ ಕೂಲಿಯೂ, ಯಾರ ರೇಶನ್ನೂ ತಪ್ಪದಿರಲಿ.

ಇಷ್ಟನ್ನೂ ಮಾಡಿದ ಮೇಲೆ ಆ ಮಹಾಶಯರು ಮತ್ತೊಮ್ಮೆ ಮರೋಳಕ್ಕೆ ಬರಲಿ. ಆಗಲೂ ನಮ್ಮವರು ಹಿಂದೆಯೇ ಉಳಿದಿದ್ದರೆ ಸ್ವಭಾವದ ವಿಚಾರವನ್ನು ಅವರೊಡನೆ ಕೂತು ಚರ್ಚಿಸೋಣ. ಅಲ್ಲಿಯವರೆಗೆ ದರದ ಪಟ್ಟಿಯನ್ನು ಓದಿಕೊಂಡು ಬರಬೇಕೆಂದು ಅವರಲ್ಲಿ ವಿನಂತಿ.